ಮೈಮೇಲೆ ನಿಲ್ಲುವ ಬಟ್ಟೆ

ಅನ್ನ, ವಸ್ತ್ರ, ವಸತಿ ಎಂಬ ಮೂರು ಮಾನವನ ಮೂಲ ಅವಶ್ಯಕತೆಗಳೆಂದು ನಾವು ಕೆಳಗಿನ ತರಗತಿಗಳಿಂದಲೇ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ಅನ್ನದ ಚರಿತ್ರೆ ಬೇಸಾಯದ ಪಾಠದಲ್ಲಿ ಬರುತ್ತದೆ; ವಸತಿಯ ಚರಿತ್ರೆ ಕೋಟೆಕೊತ್ತಲಗಳ ಪಾಠದಲ್ಲಿ ಬರುತ್ತದೆ. ವಸ್ತ್ರದ ಪಾಠ ಮಾತ್ರ ಹತ್ತಿ, ನೂಲು, ಮಗ್ಗ ಎಂಬ ಮೂರು ಮೆಟ್ಟಿಲು ಹತ್ತಿ ಅಲ್ಲಿಗೇ ನಿಲ್ಲುತ್ತದೆ. ಮಗ್ಗದಿಂದ ಇಳಿದ ಬಟ್ಟೆ ಮನುಷ್ಯನ ಮೈಮೇಲೆ ಜಾರದೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ.

ಮೇಲುನೋಟಕ್ಕೆ ಇದು ಕ್ಷುಲ್ಲಕ ಪ್ರಶ್ನೆಯೆಂದು ತೋರಬಹುದು. ಆದರೆ ಸ್ವಲ್ಪ ವಿಚಾರಮಾಡೋಣ. ತುವಾಲೆಂಬುದು ನಾಲ್ಕು ಮೂಲೆಗಳುಳ್ಳ ಒಂದು ಚಪ್ಪಟೆ ಬಟ್ಟೆ. ಮನುಷ್ಯನ ದೇಹವೋ ಚಪ್ಪಟೆಯೂ ಅಲ್ಲ, ಸುಮ್ಮನೆ ನಿಲ್ಲುವಂಥದೂ ಅಲ್ಲ. ಅದು ನಡೆಯುತ್ತದೆ, ಕೂರುತ್ತದೆ, ಬಾಗುತ್ತದೆ, ಉಸಿರಾಡಿದಂತೆಲ್ಲ ಹೊಟ್ಟೆ ಉಬ್ಬಿ ತಗ್ಗುತ್ತದೆ. ಭೂಮಿಯ ಆಕರ್ಷಣೆಯು ಬಟ್ಟೆಯನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಹೀಗಿರಲು ಗುಂಡಿಯಿಲ್ಲದೆ, ಕೊಕ್ಕೆಯಿಲ್ಲದೆ, ಸೂಜಿ ಸೋಕಿಸದೆ ಒಂದು ತುಂಡು ಬಟ್ಟೆಯನ್ನು ಮೈಗೆ ಭದ್ರವಾಗಿ ನಿಲ್ಲಿಸುವ ವಿದ್ಯೆಯನ್ನು ನಮ್ಮ ಜನ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಸಾಧಿಸಿಕೊಂಡು ಬಂದಿದ್ದಾರೆ. ನೇಯ್ದವನು ಬಟ್ಟೆಯ ಕೆಲಸದ ಅರ್ಧವನ್ನು ಮಾಡಿದರೆ, ಉಟ್ಟವನು ಉಳಿದರ್ಧವನ್ನು ಮಾಡಿದನೆಂದು ಹೇಳಬೇಕು. ಈ ಉಳಿದರ್ಧದ ಚರಿತ್ರೆಯನ್ನು ನಮ್ಮ ಸೀಮೆಯ ಕಡೆಯಿಂದ ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯೆಂದರೆ ಆದವಾನಿ, ಆಲೂರು, ಎಮ್ಮಿಗನೂರು, ಮಂತ್ರಾಲಯಗಳ ಸೀಮೆ. ಆದವಾನಿ ಮತ್ತು ಆಲೂರು ತಾಲ್ಲೂಕುಗಳು ೧೯೫೩ರ ಸೆಪ್ಟೆಂಬರ್ ಕೊನೆಯವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು; ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಕರ್ನೂಲು ಜಿಲ್ಲೆಗೆ ಸೇರಿದವು. ಗಡಿಯ ಗೆರೆ ಬದಲಾಯಿತು. ಉಡುವ ರೀತಿ ಬದಲಾಗಲಿಲ್ಲ. ನಾವು ಪಂಚೆ ಎಂದರೆ ತೆಲುಗರೂ ಪಂಚೆ ಎನ್ನುತ್ತಾರೆ. ನಮ್ಮ ಉಡುದಾರವನ್ನು ಅವರು ಮೊಲತಾಡು ಎನ್ನುತ್ತಾರೆ. ಉರ್ದು ಮಾತಾಡುವ ನೆರೆಯವರಿಂದ ಲುಂಗಿ, ರುಮಾಲುಗಳ ಹೆಸರು ಬಂದಿವೆ. ತುವಾಲು ಎಂಬ ಮಾತು ಕಡಲಾಚೆಯಿಂದ ಬಂದದ್ದು. ಅದರ ಬೇರು ಪೋರ್ಚುಗೀಸರ ‘ತೊಆಲ್ಯಾ’ ಎಂಬ ಪದದಲ್ಲಿದೆ. ಒಂದೇ ಹೆಗಲಿನ ಮೇಲಿನ ಬಟ್ಟೆಗೆ ವಲ್ಲಿ, ಶಲ್ಯ, ಅಂಗವಸ್ತ್ರ, ತುವಾಲು ಎಂದು ಹಲವು ಹೆಸರುಗಳನ್ನು ಕೇಳುತ್ತ ನಮ್ಮ ಶಾಲೆಯ ಮಕ್ಕಳು ಬೆಳೆಯುತ್ತಾರೆ.

ಮೊದಲು ಬಟ್ಟೆಯ ಗುಣವನ್ನು ನೋಡೋಣ. ಆದವಾನಿಯ ಹತ್ತಿ ಮಾರುಕಟ್ಟೆ ಇಂದಿಗೂ ಆಂಧ್ರಪ್ರದೇಶದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಬಳ್ಳಾರಿ ಮತ್ತು ಆದವಾನಿಯ ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ಹಳೆಯ ಹತ್ತಿಯನ್ನು ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂಬ ಹೆಸರಿನಿಂದ ಕರೆಯುತ್ತಿದ್ದರು. ಅದರ ಎಳೆ ಗಿಡ್ಡ. ಗಿಡ್ಡ ಎಳೆಯಿಂದ ನವುರಾದ ನೂಲು ಬರುವುದಿಲ್ಲ, ದಪ್ಪ ನೂಲು ಬರುತ್ತದೆ. ದಪ್ಪ ನೂಲಿನ ಬಟ್ಟೆ ಒರಟು. ನವುರನ್ನು ಮೆಚ್ಚುವವರು ಇದನ್ನು ಕೊರತೆಯೆಂದರು. ಆದರೆ ಉಟ್ಟವನ ಕಣ್ಣಿನಿಂದ ನೋಡಿದರೆ ಇದೇ ಒಂದು ಗುಣ. ಒರಟು ಬಟ್ಟೆಯ ಒಂದು ಮಡಿಕೆ ಇನ್ನೊಂದು ಮಡಿಕೆಯನ್ನು ಹಿಡಿದುಕೊಳ್ಳುತ್ತದೆ. ಹಾಕಿದ ಗಂಟು ಬಿಚ್ಚುವುದಿಲ್ಲ. ನುಣುಪಾದ ರೇಷ್ಮೆಯ ಮಡಿಯನ್ನು ಉಟ್ಟವರು ಅದರ ಮೇಲೆ ನಡುಪಟ್ಟಿಯನ್ನು ಬಿಗಿಯುವುದು ಈ ಕಾರಣದಿಂದಲೇ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹತ್ತಿಯ ಎಳೆ ಒದ್ದೆಯಾದಾಗ ದುರ್ಬಲವಾಗುವುದಿಲ್ಲ. ಒಣಗಿದ್ದಾಗ ಇರುವುದಕ್ಕಿಂತ ಹೆಚ್ಚು ಬಲವನ್ನು ಪಡೆಯುತ್ತದೆ. ಕೃತಕ ರೇಷ್ಮೆಯೆನಿಸಿದ ರೇಯಾನ್ ಇದಕ್ಕೆ ತದ್ವಿರುದ್ಧ. ನೀರು ಬಿದ್ದೊಡನೆ ಅದರ ಬಲ ಕುಗ್ಗುತ್ತದೆ. ಹತ್ತಿಯ ಎಳೆಯು ನೀರನ್ನು ಕುಡಿದು ಉಬ್ಬುವುದರಿಂದ ಗಂಟು ಇನ್ನಷ್ಟು ಬಿಗಿಯುತ್ತದೆ. ಒದ್ದೆ ಪಂಚೆಯ ಗಂಟನ್ನು ಬಿಚ್ಚಲು ಹಲ್ಲಿನ ಸಹಾಯ ಬೇಕಾಗುವುದನ್ನು ಕೆರೆಯಲ್ಲಿ ಮಿಂದವರೆಲ್ಲ ಬಲ್ಲರು. ಹೊಳೆಯಲ್ಲಿ ಮುಳುಗುವವನಿಗೆ ಹತ್ತಿಗಿಂತ ನಂಬಿಕೆಯ ಸಂಗಾತಿ ಮತ್ತೊಂದಿಲ್ಲ.

ಬಟ್ಟೆಯನ್ನು ನಿಲ್ಲಿಸುವ ಉಪಾಯಗಳಲ್ಲಿ ಅತ್ಯಂತ ಸರಳವಾದದ್ದು ಸುತ್ತಿ ಸಿಕ್ಕಿಸುವುದು. ನಡುವಿಗೆ ಒಂದೂವರೆ ಸುತ್ತೋ ಎರಡು ಸುತ್ತೋ ಬಳಸಿ, ಮೇಲಂಚನ್ನು ಹೊರಕ್ಕೆ ಮಡಿಸಿ, ತುದಿಯನ್ನು ಒಳಕ್ಕೆ ಸಿಕ್ಕಿಸಿದರೆ ಮುಗಿಯಿತು. ಇಲ್ಲಿ ಕೆಲಸಮಾಡುವುದು ಘರ್ಷಣೆ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಹಿಡಿದುಕೊಂಡ ಹುಡುಗನು ಎಳೆದಾಡುವ ಹೋರಿಯನ್ನು ತಡೆಯಬಲ್ಲನಷ್ಟೆ. ಪ್ರತಿಯೊಂದು ಸುತ್ತಿಗೂ ಹಿಡಿತವು ಕೂಡುತ್ತ ಹೋಗದೆ ಗುಣಿಸುತ್ತ ಹೋಗುತ್ತದೆಂಬುದನ್ನು ೧೮ನೆಯ ಶತಮಾನದಲ್ಲಿ ಆಯ್ಲರ್ ಎಂಬ ಸ್ವಿಸ್ ಗಣಿತಜ್ಞನು ಲೆಕ್ಕದಿಂದ ತೋರಿಸಿದನು. ಲೆಕ್ಕ ಹುಟ್ಟುವ ಮೊದಲೇ ನಮ್ಮ ರೈತನ ಕೈಗೆ ಆ ತತ್ತ್ವವು ತಿಳಿದಿತ್ತು. ಒಂದೇ ಸುತ್ತಿನ ತುವಾಲು ಏಕೆ ಜಾರುತ್ತದೆ, ಎರಡು ಸುತ್ತಿನ ಪಂಚೆ ಏಕೆ ನಿಲ್ಲುತ್ತದೆ ಎಂಬುದಕ್ಕೆ ಇದರಲ್ಲಿಯೇ ಉತ್ತರವಿದೆ.

ಎರಡನೆಯ ಉಪಾಯ ನಡುಪಟ್ಟಿ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ಒಂದು ದೊಡ್ಡ ಬೌದ್ಧಸ್ತೂಪವೂ, ಅಶೋಕನ ಹೆಸರನ್ನು ಕೊರೆದ ಶಿಲ್ಪವೂ ಹೊರಬಂದವು. ಶಾತವಾಹನರ ಕಾಲದ ಇಂಥ ಶಿಲ್ಪಗಳಲ್ಲಿ ಕೆಳಗೆ ಅಂತರೀಯ, ಮೇಲೆ ಉತ್ತರೀಯ, ನಡುವಿನಲ್ಲಿ ಕಾಯಬಂಧವೆಂಬ ಪಟ್ಟಿ ಹೀಗೆ ಮೂರು ತುಂಡುಗಳ ಉಡುಗೆಯನ್ನು ಕಾಣುತ್ತೇವೆ. ಮೂರಕ್ಕೂ ಹೊಲಿಗೆಯಿಲ್ಲ. ಅಂತರೀಯವು ಮೈಯನ್ನು ಮುಚ್ಚುತ್ತದೆ. ಕಾಯಬಂಧವು ಅದನ್ನು ಹಿಡಿದು ನಿಲ್ಲಿಸುತ್ತದೆ. ಮುಚ್ಚುವ ಕೆಲಸವನ್ನು ಒಂದಕ್ಕೆ, ಹಿಡಿಯುವ ಕೆಲಸವನ್ನು ಇನ್ನೊಂದಕ್ಕೆ ಹಂಚಿಕೊಟ್ಟ ಈ ಜಾಣ್ಮೆಯನ್ನು ನಾವು ಮೆಚ್ಚಬೇಕು. ಬಡವನ ಮನೆಯಲ್ಲಿ ಇದೇ ತತ್ತ್ವವು ಉಡುದಾರದ ರೂಪವನ್ನು ತಾಳಿತು. ಕೂಸಿನ ನಡುವಿಗೆ ಕಟ್ಟಿದ ದಾರವು ಮುಂದೆ ಲಂಗೋಟಿಗೆ ಆಧಾರವಾಗುತ್ತದೆ. ಒಂದು ಮೊಳದ ಬಟ್ಟೆಯೂ ಒಂದು ದಾರವೂ ಇದ್ದರೆ ಮನುಷ್ಯನು ಓಡಬಲ್ಲನು, ಈಜಬಲ್ಲನು, ಬಾವಿಗೆ ಇಳಿಯಬಲ್ಲನು.

ಮೂರನೆಯದು ಕಚ್ಚೆ. ನಿರಿಗೆ ಹಿಡಿದ ಸೆರಗನ್ನು ಕಾಲುಗಳ ನಡುವೆ ತಂದು ಬೆನ್ನ ಹಿಂದೆ ಸಿಕ್ಕಿಸುವುದೇ ಕಚ್ಚೆ. ಎಂಟು, ಒಂಬತ್ತು, ಹತ್ತು ಮೊಳದ ಪಂಚೆಗಳು ಇದಕ್ಕಾಗಿಯೇ ಹುಟ್ಟಿದವು. ಸುತ್ತಿದ ಬಟ್ಟೆ ಜಾರಬೇಕಾದರೆ ಅದು ಕೆಳಕ್ಕೆ ಇಳಿಯಬೇಕು. ಕಚ್ಚೆಯಾದರೋ ಬಟ್ಟೆಯನ್ನು ಕೆಳಗಿನಿಂದಲೇ ಎತ್ತಿ ಹಿಡಿಯುತ್ತದೆ. ಕಾಲು ಚಾಚಿದಷ್ಟೂ ಅದು ಬಿಗಿಯುತ್ತದೆ. ಆದುದರಿಂದಲೇ ಯೋಧ, ಕುಸ್ತಿಯ ಜಟ್ಟಿ, ನೇಗಿಲು ಹಿಡಿದ ರೈತ ಇವರೆಲ್ಲರ ಉಡುಗೆ ಕಚ್ಚೆಯಾಯಿತು. ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹೋರಾಟಕ್ಕೆ ಸಿದ್ಧನಾದವನು ವೀರಗಚ್ಚೆ ಹಾಕಿದನೆನ್ನುತ್ತೇವೆ. ದೊಡ್ಡ ಕೆಲಸಕ್ಕೆ ಮುಂದಾದವನು ಟೊಂಕಕಟ್ಟಿ ನಿಂತನೆನ್ನುತ್ತೇವೆ. ನೆರವು ಬೇಡಿದವಳು ಸೆರಗೊಡ್ಡಿದಳೆನ್ನುತ್ತೇವೆ. ಉಡುಗೆ ಭದ್ರವಾದರೆ ಮನಸ್ಸು ಭದ್ರವಾಗುವುದೆಂಬ ನಂಬಿಕೆ ಈ ನುಡಿಗಟ್ಟುಗಳಲ್ಲಿ ಅಡಗಿದೆ.

ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಕುಸ್ತಿಯಾಡುವ ಜಟ್ಟಿಗಳನ್ನು ಇಂದಿಗೂ ನೋಡಬಹುದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಯಸನು ಕೃಷ್ಣದೇವರಾಯನ ಮುಂಜಾವಿನ ಅಂಗಸಾಧನೆಯನ್ನು ಬರೆದಿಟ್ಟಿದ್ದಾನೆ. ರಾಯನು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಕೊಂಡು, ನಡುವಿಗೆ ಒಂದು ಚಿಕ್ಕ ಬಟ್ಟೆಯನ್ನು ಮಾತ್ರ ಕಟ್ಟಿ, ಮಣ್ಣಿನ ಭಾರಗಳನ್ನು ಎತ್ತುತ್ತಿದ್ದನು. ಕತ್ತಿ ಬೀಸಿ ಬೆವರಿಳಿಸುತ್ತಿದ್ದನು. ತನ್ನ ಜಟ್ಟಿಗಳಲ್ಲೊಬ್ಬನೊಡನೆ ಸೆಣಸುತ್ತಿದ್ದನು. ಬಳಿಕ ಕುದುರೆಯೇರಿ ಬೆಳಕು ಹರಿಯುವವರೆಗೆ ಓಡಿಸುತ್ತಿದ್ದನು. ಎಣ್ಣೆ ಸುರಿದ ಮೈಮೇಲೆ, ಕುಸ್ತಿಯ ಪಟ್ಟುಗಳ ನಡುವೆ, ಕುದುರೆಯ ಓಟದಲ್ಲಿ ಒಂದು ಚಿಕ್ಕ ಬಟ್ಟೆ ಅಲುಗದೆ ನಿಲ್ಲಬೇಕಾದರೆ ಅದರ ಕಟ್ಟು ಎಷ್ಟು ಶಾಸ್ತ್ರೀಯವಾಗಿರಬೇಕು! ಅರಮನೆಯಲ್ಲಿ ಎಷ್ಟೇ ಬೆಲೆಯ ಬಟ್ಟೆಗಳಿದ್ದರೂ ಆ ಗಳಿಗೆಯಲ್ಲಿ ರಾಯನಿಗೂ ಕೂಲಿಕಾರನಿಗೂ ಒಂದೇ ಉಡುಗೆ.

ಇದೇ ರಾಯರ ಆಸ್ಥಾನದಲ್ಲಿ ಹೊಲಿದ ಉಡುಪೂ ಬಂದಿತ್ತು. ಕಬಾಯಿ ಎಂಬ ತೋಳುಳ್ಳ ನಿಲುವಂಗಿ, ಕುಲಾಯಿ ಎಂಬ ಎತ್ತರದ ಟೊಪ್ಪಿಗೆ ಇವು ಪಶ್ಚಿಮದ ಮುಸ್ಲಿಂ ನಾಡುಗಳಿಂದ ಬಂದ ಉಡುಗೆಗಳು. ೧೬ನೆಯ ಶತಮಾನದ ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಕಬಾಯಿ ತೊಟ್ಟವರನ್ನೂ ಬರಿಮೈಯಲ್ಲಿ ಪಂಚೆಯುಟ್ಟವರನ್ನೂ ಒಟ್ಟಿಗೆ ಕಾಣಬಹುದು. ಸಭೆಗೆ ಹೊಲಿದ ಬಟ್ಟೆ, ಪೂಜೆಗೆ ಸುತ್ತಿದ ಬಟ್ಟೆ ಎಂಬ ವಿಭಾಗವು ಹೀಗೆ ಬೇರೂರಿತು. ಹೊಲಿಗೆ ಬಂದೊಡನೆ ಸುತ್ತುವ ವಿದ್ಯೆ ಅಳಿಯಲಿಲ್ಲ; ಸ್ನಾನದ ಬಳಿಯಲ್ಲಿ, ದೇವರ ಮುಂದೆ, ಹೊಲದ ಕೆಲಸದಲ್ಲಿ ಅದು ಉಳಿದುಕೊಂಡಿತು.

ಸ್ನಾನದ ಮಾತು ಬಂದಾಗ ನಮ್ಮ ಸೀಮೆಯ ಮಂತ್ರಾಲಯವನ್ನು ನೆನೆಯದಿರಲಾಗದು. ೧೬೭೧ರಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳು ವೃಂದಾವನಸ್ಥರಾದ ಈ ಕ್ಷೇತ್ರದ ಹಳೆಯ ಹೆಸರು ಮಂಚಾಲೆ. ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನನಿಂದ ಈ ಗ್ರಾಮವು ಸ್ವಾಮಿಗಳಿಗೆ ದೊರೆಯಿತೆಂದು ಮಠದ ಪರಂಪರೆ ಹೇಳುತ್ತದೆ. ಅಲ್ಲಿ ತುಂಗಭದ್ರೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಮೆಟ್ಟಿಲೇರಿ ಬರುವ ಯಾತ್ರಿಕರನ್ನು ನೋಡಿರಿ. ಹೊಳೆಯ ಸೆಳೆತಕ್ಕೆ ಬಟ್ಟೆ ಬಿಚ್ಚಬಾರದು. ಮುಳುಗಿದಾಗ ಗಾಳಿ ತುಂಬಿ ತೇಲಬಾರದು. ಮೇಲೆದ್ದಾಗ ನೀರಿನ ಭಾರಕ್ಕೆ ಜಾರಬಾರದು. ತೆಳುವಾದ ನೂಲಿನ ಪಂಚೆ ಈ ಮೂರು ಪರೀಕ್ಷೆಗಳಲ್ಲಿಯೂ ಉತ್ತೀರ್ಣವಾಗುತ್ತದೆ. ೨೦೦೮ರಲ್ಲಿಯೂ ೨೦೨೦ರಲ್ಲಿಯೂ ತುಂಗಭದ್ರೆಗೆ ಪುಷ್ಕರ ಬಂದಿತು. ಹನ್ನೆರಡು ವರ್ಷಕ್ಕೊಮ್ಮೆ ಒದಗುವ ಇಂಥ ಪುಣ್ಯಕಾಲದ ಸಾಮೂಹಿಕ ಸ್ನಾನವು ಲಜ್ಜೆಗೆ ಕುಂದಿಲ್ಲದೆ ನಡೆಯುವುದು ಈ ಬಟ್ಟೆಯ ಕಟ್ಟಿನಿಂದಲೇ.

ಅದೇ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿ ಆದವಾನಿಯಲ್ಲಿದೆ. ನಮ್ಮೂರ ಮುಸಲ್ಮಾನ ಬಾಂಧವರು ಹಜ್ ಯಾತ್ರೆಗೆ ಹೋದಾಗ ಪುರುಷರು ಇಹ್ರಾಮ್ ಧರಿಸುತ್ತಾರೆ. ಹೊಲಿಗೆಯಿಲ್ಲದ ಎರಡು ಬಿಳಿಯ ಬಟ್ಟೆಗಳು ಅವು. ಕೆಳಗೆ ಉಡುವುದು ಇಜಾರ್, ಮೇಲೆ ಹೊದೆಯುವುದು ರಿದಾ. ಅರಸನಾಗಲಿ, ಕೂಲಿಯವನಾಗಲಿ, ಎಲ್ಲರಿಗೂ ಅದೇ ಬಟ್ಟೆ. ಈಗ ಈ ಇಹ್ರಾಮನ್ನು ತುವಾಲಿನ ದಪ್ಪ ಬಟ್ಟೆಯಿಂದಲೇ ಮಾಡುವುದು ಸಾಮಾನ್ಯವಾಗಿದೆ. ಹೊಕ್ಕುಳಿನಿಂದ ಮೊಣಕಾಲವರೆಗೆ ಮೈ ಮುಚ್ಚಿರಬೇಕೆಂಬುದು ಅವರ ಧರ್ಮದ ನಿಯಮ. ಕಾಬಾದ ಸುತ್ತ ಏಳು ಪ್ರದಕ್ಷಿಣೆ, ಸಫಾ ಮತ್ತು ಮರ್ವಾಗಳ ನಡುವೆ ಏಳು ಬಾರಿ ನಡಿಗೆ. ಇಷ್ಟರಲ್ಲಿಯೂ ಇಜಾರ್ ಸಡಿಲವಾಗಬಾರದು. ಹೊಲಿಗೆಗೆ ಅವಕಾಶವಿಲ್ಲದುದರಿಂದ ಯಾತ್ರಿಕರು ಅದರ ಮೇಲೆ ನಡುಪಟ್ಟಿಯನ್ನು ಬಿಗಿಯುತ್ತಾರೆ. ಕನಗನಹಳ್ಳಿಯ ಶಿಲ್ಪಿ ಕಂಡ ಉಪಾಯವೂ ಇದೇ, ಮೆಕ್ಕೆಯ ಯಾತ್ರಿಕನು ಕಂಡ ಉಪಾಯವೂ ಇದೇ. ಎರಡು ಧರ್ಮಗಳಲ್ಲಿಯೂ ಸೂಜಿ ಮುಟ್ಟದ ಬಟ್ಟೆಗೆ ಪಾವಿತ್ರ್ಯವಿದೆ. ಎರಡರಲ್ಲಿಯೂ ಅದನ್ನು ನಿಲ್ಲಿಸುವುದು ಒಂದು ಪಟ್ಟಿ ಅಥವಾ ಒಂದು ಗಂಟು.

ದಿನಬಳಕೆಯಲ್ಲಿ ಮಾತ್ರ ಒಂದು ಹೊಲಿಗೆಯು ದೊಡ್ಡ ಉಪಕಾರವನ್ನು ಮಾಡಿತು. ಬಟ್ಟೆಯ ಎರಡು ಅಂಚುಗಳನ್ನು ಕೂಡಿಸಿ ಹೊಲಿದರೆ ಅದು ಕೊಳವೆಯಂತಾಗುತ್ತದೆ. ಹೊಲಿದ ಲುಂಗಿಯೆಂದರೆ ಇದೇ. ಮಲಯ ದ್ವೀಪಗಳ ಸರೋಂಗ್ ಎಂಬುದೂ ಇದೇ. ಗಾಳಿ ಬೀಸಿದರೂ, ದೊಡ್ಡ ಹೆಜ್ಜೆ ಹಾಕಿದರೂ ಇದು ಬಿಚ್ಚಿಕೊಳ್ಳದು. ಆದರೆ ನಡುವಿನ ಹಿಡಿತ ಮಾತ್ರ ಗಂಟಿನದೇ. ಒಂದು ತೊಂದರೆಯನ್ನು ಹೊಲಿಗೆ ಪರಿಹರಿಸಿತು. ಇನ್ನೊಂದು ಹಾಗೆಯೇ ಉಳಿಯಿತು.

ಹೆಂಗಸರ ಜಾಣ್ಮೆಯನ್ನು ಹೇಳದಿದ್ದರೆ ಈ ಚರಿತ್ರೆ ಅರ್ಧಮರ್ಧವಾದೀತು. ದುಡಿಯುವ ಹೆಣ್ಣುಮಕ್ಕಳು ಹದಿನಾರು, ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಕಳೆ ಕಿತ್ತರು, ನಾಟಿ ಹಚ್ಚಿದರು. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಎರೆಹೊಲಗಳಲ್ಲಿ ನಡುವಿಗೆ ಬಟ್ಟೆಯನ್ನು ಕಟ್ಟಿ ಉಡಿ ಮಾಡಿಕೊಂಡು, ಬಿಡಿಸಿದ ಹತ್ತಿಯನ್ನು ಅದರಲ್ಲಿ ತುಂಬುತ್ತಾರೆ. ಮೈಮುಚ್ಚುವ ಬಟ್ಟೆಯೇ ಚೀಲವೂ ಆಗುತ್ತದೆ. ಉಡಿ ತುಂಬಿದಂತೆ ಅದರ ಭಾರ ಕೆಳಕ್ಕೆ ಜಗ್ಗುತ್ತದೆ. ಗಂಟು ಮಾತ್ರ ಜಗ್ಗುವುದಿಲ್ಲ. ಮದುವಣಗಿತ್ತಿಗೂ ಬಸುರಿಗೂ ಉಡಿ ತುಂಬುವ ಸಂಪ್ರದಾಯವನ್ನು ಮಕ್ಕಳು ನೋಡಿರುತ್ತಾರೆ. ಹೊಲದ ಉಡಿ ಮಂಗಳಕಾರ್ಯದ ಉಡಿಯಾದದ್ದು ಎಷ್ಟು ಅರ್ಥವತ್ತಾಗಿದೆ!

ಈ ಸುತ್ತುವ ಉಡುಗೆಯ ಗುಟ್ಟನ್ನು ಆಂಗ್ಲ ವ್ಯಾಪಾರಿಗಳೂ ಕಲಿಯಬೇಕಾಯಿತು. ೧೮೦೦ರಲ್ಲಿ ನಿಜಾಮನಿಂದ ನಮ್ಮ ಸೀಮೆಯು ಕಂಪನಿಯ ವಶವಾಯಿತು. ಮುಂದೆ ಲಂಕಾಶೈರಿನ ಗಿರಣಿಗಳು ನಮ್ಮ ದೇಶಕ್ಕೆಂದೇ ಅಂಚಿನ ಧೋತರಗಳನ್ನು ನೇಯ್ದು ಕಳಿಸತೊಡಗಿದವು. ೧೮೬೬ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬಾತನು ಹಿಂದೂಸ್ಥಾನದ ೭೦೦ ಬಟ್ಟೆಗಳ ಮಾದರಿಗಳನ್ನು ೧೮ ಸಂಪುಟಗಳಲ್ಲಿ ಅಂಟಿಸಿ, ಅಂಥ ೨೦ ಪ್ರತಿಗಳನ್ನು ಸಿದ್ಧಪಡಿಸಿದನು. ರುಮಾಲು, ಧೋತರ, ಸೀರೆ, ಲುಂಗಿಗಳು ಮಗ್ಗದಿಂದ ಇಳಿದಂತೆಯೇ ಉಡುವ ಬಟ್ಟೆಗಳೆಂದೂ, ಇವುಗಳ ಉದ್ದ, ಅಗಲ, ಅಂಚು, ಮೃದುತ್ವಗಳನ್ನು ಅರಿಯದೆ ನೇಯ್ದರೆ ಅವು ಇಲ್ಲಿ ಮಾರಾಟವಾಗವೆಂದೂ ಅವನು ತನ್ನ ದೇಶದ ಗಿರಣಿಯವರಿಗೆ ತಿಳಿಸಿದನು. ನಮ್ಮ ಹಳ್ಳಿಗಳ ಮೊಳದ ಲೆಕ್ಕವು ಕಡಲಾಚೆಯ ಗಿರಣಿಗಳ ಪಾಠವಾಯಿತು. ಆ ಪಾಠದ ಫಲವಾಗಿ ನಮ್ಮ ನೇಕಾರನ ಮಗ್ಗಕ್ಕೆ ಕುತ್ತು ಬಂದದ್ದು ಬೇರೆ ಮಾತು.

ಅದೇ ಕಾಲದಲ್ಲಿ ತುವಾಲಿನ ರೂಪವೂ ಬದಲಾಯಿತು. ೧೮೫೦ರ ಸುಮಾರಿಗೆ ಹೆನ್ರಿ ಕ್ರಿಸ್ಟಿ ಎಂಬ ಆಂಗ್ಲನು ತುರ್ಕಿ ದೇಶದಲ್ಲಿ ಮೈತುಂಬ ನೂಲಿನ ಕುಣಿಕೆಗಳುಳ್ಳ ಬಟ್ಟೆಯನ್ನು ಕಂಡನು. ಅದನ್ನು ಯಂತ್ರದಿಂದ ನೇಯುವ ಕ್ರಮವನ್ನು ಅವನ ಕಂಪನಿ ಕಂಡುಹಿಡಿದು, ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ನಾವು ಟರ್ಕಿ ಟವೆಲು ಎನ್ನುವುದು ಇದನ್ನೇ. ಕನ್ನಡಿಗರೂ ಬಹುವಾಗಿ ನೆಲಸಿರುವ ಸೊಲ್ಲಾಪುರವು ಮುಂದೆ ಇಂಥ ತುವಾಲುಗಳಿಗೆ ಪ್ರಸಿದ್ಧವಾಯಿತು. ಕುಣಿಕೆಗಳು ನೀರನ್ನು ಬೇಗ ಹೀರುತ್ತವೆಂಬುದು ನಿಜ. ಆದರೆ ದಪ್ಪ ಬಟ್ಟೆಗೆ ಗಂಟು ಕೂರದು, ಮಡಿಕೆ ನಿಲ್ಲದು, ನೀರು ಕುಡಿದಷ್ಟೂ ಭಾರವಾಗಿ ಕೆಳಕ್ಕೆ ಎಳೆಯುತ್ತದೆ. ಉದ್ದ ಕಡಿಮೆಯಾದರೆ ಎರಡು ಸುತ್ತೂ ಬಾರದು. ಒರಸುವುದರಲ್ಲಿ ಗೆದ್ದ ತುವಾಲು ಉಡುವುದರಲ್ಲಿ ಸೋತಿತು. ನಮ್ಮ ತೆಳ್ಳನೆಯ ಕೈಮಗ್ಗದ ತುವಾಲೋ ಎರಡೂ ಕೆಲಸಗಳನ್ನು ಸಮವಾಗಿ ಮಾಡುತ್ತಿತ್ತು. ಗಾಳಿಗೆ ಹಿಡಿದರೆ ಅರ್ಧ ಗಳಿಗೆಯಲ್ಲಿ ಒಣಗುತ್ತಿತ್ತು.

ಈ ಕೊರತೆಯನ್ನು ನೀಗಲು ಹೊಸ ಕಾಲವು ಹೊಸ ಉಪಾಯವನ್ನು ತಂದಿತು. ೧೯೪೧ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಯಂತ್ರಶಿಲ್ಪಿಯು ಬೇಟೆಯಿಂದ ಮರಳಿದಾಗ ತನ್ನ ಬಟ್ಟೆಗೂ ನಾಯಿಯ ರೋಮಕ್ಕೂ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದನು. ಅವುಗಳಲ್ಲಿ ಸಣ್ಣ ಕೊಕ್ಕೆಗಳಿದ್ದವು. ಅದರಿಂದಲೇ, ಕೊಕ್ಕೆಯ ಪಟ್ಟಿಯನ್ನು ಕುಣಿಕೆಯ ಪಟ್ಟಿಗೆ ಒತ್ತಿ ಅಂಟಿಸುವ ವೆಲ್ಕ್ರೋ ಹುಟ್ಟಿತು. ೧೯೫೦ರ ದಶಕದಲ್ಲಿ ಅದಕ್ಕೆ ಹಕ್ಕುಪತ್ರವೂ ದೊರೆಯಿತು. ನಮ್ಮ ಹೊಲಗಳ ಬದುವಿನಲ್ಲಿ ನಡೆದಾಗ ಪಂಚೆಗೆ ಕಚ್ಚಿಕೊಳ್ಳುವ ಉತ್ತರಾಣಿಯನ್ನು ಎಲ್ಲ ಮಕ್ಕಳೂ ಕಂಡಿದ್ದಾರಷ್ಟೆ. ಕಂಡದ್ದನ್ನು ಪ್ರಶ್ನಿಸಿದವನು ಒಂದು ಹೊಸ ವಸ್ತುವನ್ನು ಜಗತ್ತಿಗೆ ಕೊಟ್ಟನು. ಈಚೆಗೆ ಇಂಥ ಪಟ್ಟಿ ಹಚ್ಚಿದ ಪಂಚೆಗಳೂ, ಸ್ನಾನದ ತುವಾಲುಗಳೂ ಅಂಗಡಿಗಳಿಗೆ ಬಂದಿವೆ. ಕಟ್ಟಲರಿಯದ ತರುಣರಿಗೆ ಅವು ಅನುಕೂಲ. ಆದರೆ ನೂಲಿನ ಎಳೆಗಳು ಕೊಕ್ಕೆಗಳಲ್ಲಿ ತುಂಬಿಕೊಂಡರೆ ಅವುಗಳ ಹಿಡಿತ ಸಡಿಲವಾಗುತ್ತದೆ. ಗಂಟಿಗೆ ಆ ಭಯವಿಲ್ಲ.

ಇಲ್ಲಿಯವರೆಗೆ ಬಟ್ಟೆಯನ್ನು ನಿಲ್ಲಿಸುವ ಉಪಾಯಗಳನ್ನು ಹೇಳಿದೆವು. ನಿಲ್ಲಿಸಿಕೊಳ್ಳುವ ಹಕ್ಕಿನ ಮಾತು ಇನ್ನೂ ಉಳಿದಿದೆ. ನಮ್ಮ ಸೀಮೆಯಲ್ಲಿಯೂ ಸುತ್ತಣ ನಾಡಿನಲ್ಲಿಯೂ ತುವಾಲು ಎಲ್ಲರ ಹೆಗಲಿನ ಮೇಲೂ ಒಂದೇ ಸಮನಾಗಿ ನಿಲ್ಲಲಿಲ್ಲ. ಊರಿನ ದೊಡ್ಡವರು ಎದುರಾದಾಗ ಅಸ್ಪೃಶ್ಯರೆನಿಸಿಕೊಂಡವರು ಹೆಗಲಿನ ಬಟ್ಟೆಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಾಗಿತ್ತು, ಇಲ್ಲವೆ ನಡುವಿಗೆ ಕಟ್ಟಿಕೊಳ್ಳಬೇಕಾಗಿತ್ತು. ಮೊಣಕಾಲಿನ ಕೆಳಗೆ ಪಂಚೆ ಇಳಿಬಿಟ್ಟರೆ ಅದು ಸೊಕ್ಕೆಂದು ಎಣಿಸಲ್ಪಡುತ್ತಿತ್ತು. ತಿರುವಾಂಕೂರಿನಲ್ಲಿ ಮೇಲುವಸ್ತ್ರದ ಹಕ್ಕಿಗಾಗಿ ನಾಡಾರ ಸ್ತ್ರೀಯರು ದಶಕಗಳ ಕಾಲ ಹೋರಾಡಬೇಕಾಯಿತು. ೧೮೫೯ರಲ್ಲಿ ಅಲ್ಲಿಯ ಅರಸನು ರವ್ವಿಕೆ ತೊಡಲು ಅನುಮತಿಸಿದನು. ಗಂಟು ಎಷ್ಟೇ ಭದ್ರವಾಗಿದ್ದರೂ ಬಟ್ಟೆಯನ್ನು ಕೀಳುವ ಕೈಯ ಮುಂದೆ ಅದು ನಿಲ್ಲದು. ೧೯೫೦ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೯೫೫ರಲ್ಲಿ ಅದನ್ನು ಆಚರಿಸುವವರನ್ನು ದಂಡಿಸುವ ಕಾಯಿದೆ ಬಂದಿತು. ಪರಿಶಿಷ್ಟರ ಮೈಮೇಲಿನ ಬಟ್ಟೆಯನ್ನು ಬಲಾತ್ಕಾರದಿಂದ ತೆಗೆಯುವುದನ್ನು ೧೯೮೯ರ ಕಾಯಿದೆಯು ಹೆಸರಿಟ್ಟು ಅಪರಾಧವೆಂದು ಸಾರಿತು. ಬಟ್ಟೆ ಮೈಮೇಲೆ ನಿಲ್ಲುವುದಕ್ಕೆ ಘರ್ಷಣೆಯ ನಿಯಮದಷ್ಟೇ ನ್ಯಾಯದ ನಿಯಮವೂ ಬೇಕೆಂಬುದನ್ನು ಈ ಚರಿತ್ರೆ ನಮಗೆ ಕಲಿಸುತ್ತದೆ.

ಗಾಂಧೀಜಿಯವರು ಈ ಮಾತನ್ನು ಇನ್ನೊಂದು ಬಗೆಯಿಂದ ಹೇಳಿದರು. ೧೯೨೧ರ ಸೆಪ್ಟೆಂಬರ್ ೨೨ರಂದು ಮಧುರೆಯಲ್ಲಿ ಅವರು ಅಂಗಿ, ಟೊಪ್ಪಿಗೆಗಳನ್ನು ತ್ಯಜಿಸಿ ತುಂಡುಪಂಚೆಯನ್ನುಟ್ಟರು. ಖಾದಿಯನ್ನು ಕೊಳ್ಳಲು ಹಣವಿಲ್ಲದ ಬಡವರಿಗೆ ಕಡಿಮೆ ಬಟ್ಟೆಯೂ ಗೌರವದ ಬಟ್ಟೆಯೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅದೇ ಪ್ರವಾಸದಲ್ಲಿ, ಅದೇ ಉಡುಗೆಯಲ್ಲಿ, ಅವರು ಅಕ್ಟೋಬರ್ ತಿಂಗಳ ಆರಂಭದಲ್ಲಿ ಬಳ್ಳಾರಿಗೆ ಬಂದರು. ಹತ್ತು ವರ್ಷಗಳ ಮೇಲೆ ಲಂಡನ್ನಿನ ಅರಮನೆಗೆ ಹೋದಾಗಲೂ ಅವರ ಉಡುಗೆ ಬದಲಾಗಲಿಲ್ಲ.

ಇಂಥ ಬಟ್ಟೆಯನ್ನು ನೇಯುವವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಎಮ್ಮಿಗನೂರಿನಲ್ಲಿ ೧೯೩೮ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲಗಾರರ ಕೈಯಲ್ಲಿ ಸಿಕ್ಕಿಬಿದ್ದಿದ್ದ ನೇಕಾರರಿಗೆ ನೂಲು, ಕೂಲಿ, ಮಾರಾಟಗಳ ಆಸರೆಯನ್ನು ಒದಗಿಸಿದ ಈ ಸೇವೆಯನ್ನು ಮನ್ನಿಸಿ ಸರ್ಕಾರವು ೧೯೫೪ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ವಿದ್ಯುತ್ ಮಗ್ಗಗಳ ಪೈಪೋಟಿಯಿಂದ ಕೈಮಗ್ಗವನ್ನು ಕಾಪಾಡಲು ೧೯೮೫ರಲ್ಲಿ ಒಂದು ಕೇಂದ್ರ ಕಾಯಿದೆ ಬಂದಿತು. ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೊದಲು ೨೨ ಬಗೆಯ ವಸ್ತುಗಳು ಕೈಮಗ್ಗಕ್ಕೆಂದು ಮೀಸಲಾಗಿದ್ದವು. ಮುಂದೆ ಅವು ೧೧ಕ್ಕೆ ಇಳಿದವು. ಹಾಗೆ ಉಳಿದವುಗಳಲ್ಲಿ ಸೀರೆ, ಧೋತರ, ಲುಂಗಿ, ಜಮಖಾನೆಗಳ ಜೊತೆಗೆ ತುವಾಲು ಮತ್ತು ಅಂಗವಸ್ತ್ರವೂ ಸೇರಿವೆ. ಕಾಯಿದೆಯಿದ್ದರೂ ನಮ್ಮ ಓಣಿಗಳಲ್ಲಿ ಲಾಳಿಯ ಸದ್ದು ಹಿಂದಿನಷ್ಟು ಕೇಳಿಬರುತ್ತಿಲ್ಲ. ಕೊಳ್ಳುವ ಕೈ ಇಲ್ಲದೆ ಕಾಯಿದೆಯೊಂದೇ ಮಗ್ಗವನ್ನು ನಡೆಸಲಾರದು.

ಈಗ ಶಾಲೆಯ ಮಾತಿಗೆ ಬರೋಣ. ವಸತಿಗೃಹಗಳಲ್ಲಿ ಇರುವ ಅನೇಕ ಮಕ್ಕಳು ಬಯಲಿನ ನಲ್ಲಿಯ ಕೆಳಗೆ ಮೀಯಬೇಕಾಗುತ್ತದೆ. ಒಂದು ಕೈಯಲ್ಲಿ ತುವಾಲನ್ನು ಹಿಡಿದು ಇನ್ನೊಂದು ಕೈಯಲ್ಲಿ ಚೆಂಬನ್ನು ಎತ್ತುವ ಮಗುವಿಗೆ ಸ್ನಾನದ ಸುಖವಿಲ್ಲ. ನಗುವವರ ಭಯ ಮಾತ್ರ ಇದೆ. ನಾಚಿಕೆಗೆ ಅಂಜಿ ಸ್ನಾನವನ್ನೇ ಬಿಡುವ ಮಕ್ಕಳೂ ಉಂಟು. ಮೇಲೆ ಹೇಳಿದ ಚರಿತ್ರೆಯಿಂದ ನಾವು ಕಲಿತದ್ದನ್ನು ಕೈಕೆಲಸದ ತರಗತಿಯಲ್ಲಿ ಉಪಯೋಗಿಸಿದರೆ ಈ ಕಷ್ಟವು ಕಡಿಮೆಯಾದೀತು. ತೆಳ್ಳನೆಯ ಕೈಮಗ್ಗದ ಬಟ್ಟೆಯನ್ನು ಆರಿಸಬೇಕು. ಅದರ ಉದ್ದವು ನಡುವಿನ ಸುತ್ತಳತೆಗಿಂತ ಒಂದೂವರೆ ಪಟ್ಟಾದರೂ ಇರಬೇಕು. ಆಗ ಮುಂಭಾಗವೆಲ್ಲ ಎರಡು ಪದರವಾಗಿ ಮುಚ್ಚುತ್ತದೆ. ಮೇಲಂಚನ್ನು ಎರಡು ಬೆರಳಗಲ ಮಡಿಸಿ ಹೊಲಿದು, ಅದರೊಳಗೆ ನೂಲಿನ ಲಾಡಿಯನ್ನು ಏರಿಸಬೇಕು. ನೈಲಾನ್ ಲಾಡಿ ಬೇಡ. ಅದರ ಗಂಟು ಜಾರುತ್ತದೆ. ಗಾಳಿಗೆ ತೆರೆಯದಂತೆ ಮೊಣಕಾಲಿನ ಮಟ್ಟದಲ್ಲಿ ಒಂದು ಗುಂಡಿಯನ್ನು ಹಚ್ಚಬೇಕು. ಹೆಣ್ಣುಮಕ್ಕಳಿಗಾದರೆ ಕಂಕುಳಿನಿಂದ ಮೊಣಕಾಲಿನ ಕೆಳಗಿನವರೆಗೆ ಬರುವಷ್ಟು ಅಗಲದ ಬಟ್ಟೆ ಬೇಕು. ಉಸಿರಾಡಿದಂತೆ ಎದೆಯ ಸುತ್ತಳತೆ ಹೆಚ್ಚು ಕಡಿಮೆಯಾಗುವುದರಿಂದ ಅಲ್ಲಿ ಲಾಡಿಯೊಂದನ್ನೇ ನಂಬಲಾಗದು. ಎರಡು ಭುಜಪಟ್ಟಿಗಳನ್ನು ಹಚ್ಚಿದರೆ ಭಾರವೆಲ್ಲ ಹೆಗಲಿನ ಮೇಲೆ ನಿಲ್ಲುತ್ತದೆ.

ಹೊಲಿದ ಮೇಲೆ ಪರೀಕ್ಷೆಯೂ ಆಗಬೇಕು. ಒಳಗೆ ಚಡ್ಡಿಯನ್ನೋ ಲಂಗವನ್ನೋ ತೊಟ್ಟ ಮಕ್ಕಳು ಇದನ್ನು ಮೇಲೆ ಉಟ್ಟು ಎರಡು ಕೈಗಳನ್ನೂ ಮೇಲೆತ್ತಲಿ, ಬಾಗಿ ನೆಲ ಮುಟ್ಟಲಿ, ಕುಕ್ಕರಗಾಲಿನಲ್ಲಿ ಕೂರಲಿ, ಅಂಗಳದಲ್ಲಿ ಓಡಲಿ, ಕೊನೆಗೆ ಎರಡು ಕೊಡ ನೀರು ಸುರಿದುಕೊಳ್ಳಲಿ. ಎಲ್ಲಿ ಸಡಿಲವಾಯಿತೆಂಬುದನ್ನು ತಾವೇ ನೋಡಿ ತಿದ್ದಿಕೊಳ್ಳಲಿ. ಸುತ್ತು, ಪಟ್ಟಿ, ಗಂಟು, ಹೊಲಿಗೆ ಎಂಬ ನಾಲ್ಕು ಉಪಾಯಗಳೂ ಒಂದು ತುವಾಲಿನಲ್ಲಿ ಕೂಡಿಬಂದಿರುವುದನ್ನು ಆಗ ಅವರಿಗೆ ತೋರಿಸಬಹುದು. ಅಳತೆಯಲ್ಲಿ ಗಣಿತವಿದೆ, ಘರ್ಷಣೆಯಲ್ಲಿ ವಿಜ್ಞಾನವಿದೆ, ಉಡುದಾರ, ಉಡಿ, ಟೊಂಕ, ನಿರಿಗೆ ಎಂಬ ಪದಗಳಲ್ಲಿ ಭಾಷೆಯಿದೆ. ಬಟ್ಟೆಯನ್ನು ಎಮ್ಮಿಗನೂರಿನ ಮಗ್ಗದಿಂದಲೇ ತರಿಸಿದರೆ ನೇಕಾರನ ಮನೆಗೂ ಒಂದು ಹೊತ್ತಿನ ಅನ್ನ ಸೇರುತ್ತದೆ.

ದೊಡ್ಡ ಅರಸರ ಕಿರೀಟಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಸಾಮಾನ್ಯ ಜನರ ಪಂಚೆ, ತುವಾಲುಗಳು ಹರಿದು ಚಿಂದಿಯಾಗಿ ಮಣ್ಣು ಸೇರಿವೆ. ಅವರ ವಿದ್ಯೆ ಮಾತ್ರ ಅವರ ಬೆರಳುಗಳಿಂದ ಮಕ್ಕಳ ಬೆರಳುಗಳಿಗೆ ಇಳಿದು ಬಂದಿದೆ. ಆ ಬೆರಳುಗಳು ಗಂಟು ಹಾಕುವುದನ್ನು ಮರೆಯದಂತೆ ನೋಡಿಕೊಳ್ಳುವುದು, ಮತ್ತು ಹಾಕಿದ ಗಂಟನ್ನು ಯಾರೂ ಬಲಾತ್ಕಾರದಿಂದ ಬಿಚ್ಚದಂಥ ಸಮಾಜಕ್ಕಾಗಿ ದುಡಿಯುವುದು ಉಪಾಧ್ಯಾಯರಾದ ನಮ್ಮೆಲ್ಲರ ಕರ್ತವ್ಯ.